ಸೂಪರ್ ಅಂದಿದ್ದಾಯ್ತು, ಆಮೇಲೆ? ಬೇರೆಯವರ ಫೋಟೋ ನೋಡಿ ಉಪಯೋಗಕ್ಕೆ ಬರುವಂತೆ ಮಾತಾಡುವುದು ಹೇಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಫೋಟೋ ಹುಚ್ಚಿನವರಿಗೆ ಬರವಿಲ್ಲ. ಭಾನುವಾರ ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ಹೋದರೆ ಉದ್ದ ಲೆನ್ಸಿನವರು ಸಿಗುತ್ತಾರೆ, ದುರ್ಗದ ಕೋಟೆ ಹತ್ತಿದರೆ ಫೋನ್ ಹಿಡಿದ ಕಾಲೇಜು ಹುಡುಗರು ಸಿಗುತ್ತಾರೆ, ಮದುವೆ ಸೀಸನ್ ಮುಗಿದ ಮೇಲೆ ನಮಗೂ ಅಂತ ನಾಲ್ಕು ಫೋಟೋ ತೆಗೆಯೋಣ ಎಂದು ಹೊರಟ ಸ್ಟುಡಿಯೋದವರೂ ಸಿಗುತ್ತಾರೆ. ಬರ ಇರುವುದು ತೆಗೆದ ಫೋಟೋ ಬಗ್ಗೆ ನೆಟ್ಟಗೆ ನಾಲ್ಕು ಮಾತು ಆಡುವವರಿಗೆ. ತೋರಿಸಿದ ಕೂಡಲೇ "ಸೂಪರ್ ಅಣ್ಣ" ಅನ್ನುತ್ತಾರೆ. ಇಲ್ಲಾಂದ್ರೆ ಎದುರಿಗೆ ಸುಮ್ಮನಿದ್ದು, ಆಚೆ ಹೋದ ಮೇಲೆ "ಅವನೇನು ತೆಗೀತಾನೆ ಬಿಡು" ಅನ್ನುತ್ತಾರೆ. ಎರಡರಿಂದಲೂ ತೆಗೆದವರಿಗೆ ನಯಾಪೈಸೆ ಉಪಯೋಗವಿಲ್ಲ.

ಫೋಟೋ ಬಗ್ಗೆ ಮಾತಾಡೋಕೆ ದೊಡ್ಡ ಛಾಯಾಗ್ರಾಹಕರೇ ಆಗಿರಬೇಕು ಅಂತೇನಿಲ್ಲ. ತೆಗೆದವರಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ: ನೀವು ಆ ಜಾಗದಲ್ಲಿ ಇರಲಿಲ್ಲ. ಅವರು ಆ ಫೋಟೋ ನೋಡಿದಾಗೆಲ್ಲ ಹತ್ತಿದ ಮೆಟ್ಟಿಲು, ಕಾದ ಹೊತ್ತು, ಬೀಸುತ್ತಿದ್ದ ಗಾಳಿ ಎಲ್ಲವೂ ನೆನಪಾಗಿ ಫೋಟೋ ಇನ್ನೂ ಚಂದ ಕಾಣುತ್ತದೆ. ನಿಮಗೆ ಕಾಣುವುದು ಚೌಕಟ್ಟಿನ ಒಳಗೆ ಇರುವುದು ಮಾತ್ರ. ಅದನ್ನು ಕಂಡಷ್ಟೇ ಬಿಡಿಸಿ ಹೇಳಿದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಹೇಗೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

1. ಮೊದಲು ಸರಿಯಾಗಿ ನೋಡಿ

ಟೀ ಅಂಗಡಿ ಮುಂದೆ, ಬಿಸಿಲಲ್ಲಿ, ಬ್ರೈಟ್‌ನೆಸ್ ಕಡಿಮೆ ಇಟ್ಟ ಫೋನಿನಲ್ಲಿ ನೋಡಿ "ಸ್ವಲ್ಪ ಡಾರ್ಕ್ ಆಯ್ತಲ್ವಾ" ಅನ್ನುವುದು ಅನ್ಯಾಯ. ಡಾರ್ಕ್ ಆಗಿರುವುದು ಫೋಟೋನಾ, ಸ್ಕ್ರೀನಾ ಅಂತ ಆಗ ಯಾರಿಗೂ ಗೊತ್ತಾಗುವುದಿಲ್ಲ. ನೆರಳಿಗೆ ಬನ್ನಿ. ಸಾಧ್ಯವಾದರೆ ಲ್ಯಾಪ್‌ಟಾಪಿನಲ್ಲಿ ನೋಡಿ. ವಾಟ್ಸ್‌ಆ್ಯಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿ ಬರುತ್ತದೆ, ಸಣ್ಣ ವಿವರಗಳು ಕಲಸಿಹೋಗುತ್ತವೆ. ಶಾರ್ಪ್ ಇಲ್ಲ, ನಾಯ್ಸ್ (ಕಾಳುಕಾಳು) ಇದೆ ಅನ್ನುವ ಮುಂಚೆ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ, ಆಗ ಮೂಲ ಫೈಲೇ ಬರುತ್ತದೆ.

ಆಮೇಲೆ ಅರ್ಧ ನಿಮಿಷ ಬಾಯಿ ಮುಚ್ಚಿಕೊಂಡು ನೋಡಿ. ಅರ್ಧ ನಿಮಿಷ ಅಂದ್ರೆ ಒಂದು ಫೋಟೋಗೆ ಬಹಳ ಹೊತ್ತು, ಮಾಡಿ ನೋಡಿದರೆ ಗೊತ್ತಾಗುತ್ತದೆ. ಸಿಕ್ಕ ಕೂಡಲೇ ಎರಡು ಬೆರಳಲ್ಲಿ ಹಿಗ್ಗಿಸಿ ಕಣ್ಣಿನ ಹತ್ತಿರ ಫೋಕಸ್ ಇದೆಯಾ ಅಂತ ಹುಡುಕುವ ಚಟ ನಮ್ಮಲ್ಲಿ ಜಾಸ್ತಿ. ಅದು ಆಮೇಲಿನ ಮಾತು. ಮೊದಲು ಇಡೀ ಫೋಟೋ ನೋಡಿ, ಕಣ್ಣು ಮೊದಲು ಎಲ್ಲಿಗೆ ಹೋಯ್ತು, ಅಲ್ಲಿಂದ ಎಲ್ಲಿಗೆ, ಎಲ್ಲಿ ನಿಂತಿತು ಅಂತ ಗಮನಿಸಿ. ಹಾಗೇ ಒಂದು ಸಲ ನಾಲ್ಕೂ ಅಂಚು ಸುತ್ತಿ ಬನ್ನಿ. ಅರ್ಧ ತುಂಡಾದ ಮನುಷ್ಯ, ಎಲ್ಲಿಂದಲೋ ಒಳಗೆ ಬಂದ ಕರೆಂಟ್ ತಂತಿ, ಯಾರದೋ ಚಪ್ಪಲಿ, ಇವೆಲ್ಲ ಅಂಚಿನಲ್ಲೇ ಕೂತಿರುತ್ತವೆ. ತೆಗೆಯುವಾಗ ನಡುವಿನದೊಂದೇ ಕಾಣುವುದರಿಂದ ತೆಗೆದವರಿಗೆ ಇವು ಕಂಡಿರುವುದೇ ಇಲ್ಲ.

2. ಬಾಯಿ ಬಿಡುವ ಮುಂಚೆ ಕೇಳಿ

ಮೊದಲನೇ ಪ್ರಶ್ನೆ: ಅಭಿಪ್ರಾಯ ಬೇಕಾ, ಬೇಡವಾ? ಮಗಳ ಹುಟ್ಟುಹಬ್ಬದ ಫೋಟೋ ತೋರಿಸುವ ಅಪ್ಪನಿಗೆ ಹಿನ್ನೆಲೆಯಲ್ಲಿ ಕಂಡ ಗ್ಯಾಸ್ ಸಿಲಿಂಡರ್ ಬಗ್ಗೆ ಹೇಳಬೇಡಿ. ಅವರು ಮಗಳನ್ನು ತೋರಿಸುತ್ತಿದ್ದಾರೆ, ಫೋಟೋವನ್ನಲ್ಲ. "ಎಷ್ಟು ಮುದ್ದಾಗಿದಾಳೆ" ಅಂದು ಮುಗಿಸಿ. ಅನುಮಾನ ಇದ್ದರೆ ನೇರವಾಗಿ ಕೇಳಿಬಿಡಿ: "ಸುಮ್ನೆ ತೋರಿಸ್ತಿದೀರಾ, ಇಲ್ಲ ಏನನ್ನಿಸ್ತು ಅಂತ ಹೇಳ್ಲಾ?"

ಎರಡನೆಯದು: ಏನು ತೋರಿಸಬೇಕು ಅಂತಿದ್ದಿರಿ? ದುರ್ಗದ ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳಿವೆ, ಎಲ್ಲರೂ ತೆಗೆಯುತ್ತಾರೆ. ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) 1/1000 ಸೆಕೆಂಡ್ ಇಟ್ಟರೆ ರೆಕ್ಕೆಗಳು ತಟಸ್ಥವಾಗಿ ನಿಂತಂತೆ ಬರುತ್ತವೆ. ಸಂಜೆ ಬೆಳಕು ಇಳಿದ ಮೇಲೆ ಕ್ಯಾಮೆರಾ ಅಲುಗದಂತೆ ಇಟ್ಟು 1/8 ಸೆಕೆಂಡಿಗೆ ತೆಗೆದರೆ ರೆಕ್ಕೆ ತಿರುಗುವುದು ಕಾಣುತ್ತದೆ. ಸಾಲಾಗಿ ನಿಂತ ಕಂಬಗಳ ಆಕಾರ ಬೇಕು ಅನ್ನುವವರಿಗೆ ಮೊದಲನೆಯದು ಸರಿ, ಗಾಳಿ ತೋರಿಸಬೇಕು ಅನ್ನುವವರಿಗೆ ಎರಡನೆಯದು ಸರಿ. ಕೇಳದೇ "ಸ್ಲೋ ಶಟರ್ ಹಾಕಬೇಕಿತ್ತು" ಅಂದರೆ ನೀವು ನಿಮ್ಮ ತಲೆಯಲ್ಲಿರುವ ಫೋಟೋ ಬಗ್ಗೆ ಮಾತಾಡುತ್ತಿದ್ದೀರಿ ಅಂತ ಅರ್ಥ.

ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ: ಈ ಫೋಟೋ ಎಲ್ಲಿಗೆ ಹೋಗುತ್ತೆ? ಗೋಡೆಗಾ, ಗಿರಾಕಿಗಾ, ಸ್ಪರ್ಧೆಗಾ? ಹಕ್ಕಿ ಫೋಟೋ ನೋಡಿ "ಆ ಕಡ್ಡಿ ಅಳಿಸಿಬಿಡು, ಎರಡು ನಿಮಿಷದ ಕೆಲಸ" ಅನ್ನುವುದು ಸುಲಭ. ಆದರೆ ಸಲೋನ್ ಅನ್ನುವ ಅಂತರರಾಷ್ಟ್ರೀಯ ಫೋಟೋ ಸ್ಪರ್ಧೆಗಳ ನೇಚರ್ ವಿಭಾಗದಲ್ಲಿ ಕ್ರಾಪ್ ಮಾಡಬಹುದೇ (ಅಂಚು ಕತ್ತರಿಸಬಹುದೇ) ಹೊರತು ಚಿತ್ರದಲ್ಲಿರುವುದನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ನಿಮ್ಮ ಮಾತು ಕೇಳಿ ಅಳಿಸಿದರೆ ಫೋಟೋ ಸ್ಪರ್ಧೆಯಿಂದಲೇ ಹೊರಗೆ. ದೊಡ್ಡ ಪ್ರಿಂಟ್ ಹಾಕಿಸುವವರಿಗೆ ಬೇರೆ ಲೆಕ್ಕ. 24 ಮೆಗಾಪಿಕ್ಸೆಲ್ ಫೋಟೋವನ್ನು ಅಗಲದಲ್ಲಿ ಅರ್ಧ, ಎತ್ತರದಲ್ಲಿ ಅರ್ಧ ಕತ್ತರಿಸಿದರೆ ಉಳಿಯುವುದು ಕಾಲು ಭಾಗ, ಅಂದರೆ 6 ಮೆಗಾಪಿಕ್ಸೆಲ್. ಅದರಲ್ಲಿ ಇಂಚಿಗೆ 300 ಚುಕ್ಕಿಯಂತೆ ಹತ್ತಿಂಚು ಅಗಲದ ಪ್ರಿಂಟ್ ಬರುತ್ತದೆ, 12x18 ಬೇಕು ಅನ್ನುವವರಿಗೆ ಸಾಲದು. "ಟೈಟಾಗಿ ಕ್ರಾಪ್ ಮಾಡಿ" ಅನ್ನುವ ಮುಂಚೆ ಇದು ನೆನಪಿರಲಿ.

3. ಕಣ್ಣು ಹೋದ ದಾರಿ ಹೇಳಿ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವುದಕ್ಕೆ ಮುಂಚೆ, ನಿಮ್ಮ ಕಣ್ಣು ಯಾವ ದಾರಿ ಹಿಡಿಯಿತು ಅನ್ನುವುದನ್ನಷ್ಟೇ ಹೇಳಿ. ಅದು ತೀರ್ಪಲ್ಲ, ವರದಿ. ವರದಿಗೆ ಯಾರೂ ಸಿಟ್ಟಾಗುವುದಿಲ್ಲ.

ಉದಾಹರಣೆಗೆ ಒಂದು ಫೋಟೋ. ಕೋಟೆಯಲ್ಲಿ ಓಬವ್ವನ ಕಿಂಡಿಯ ಹತ್ತಿರ ಡಿಗ್ರಿ ಓದುವ ಹುಡುಗನೊಬ್ಬ ಫೋನಿನಲ್ಲಿ ತೆಗೆದದ್ದು ಅಂತಿಟ್ಟುಕೊಳ್ಳಿ. ಎರಡೂ ಕಡೆ ಕಪ್ಪಾದ ಬಂಡೆ. ಬಲಗಡೆ ಮೇಲೆ ಒಂದು ಪಟ್ಟಿ ಆಕಾಶ, ಪೂರ್ತಿ ಬೆಳ್ಳಗೆ. ಕಿಂಡಿಯ ಮುಂದೆ ಅವನ ಗೆಳೆಯ, ಕೆಂಪು ಟೀ ಶರ್ಟು, ಕ್ಯಾಮೆರಾ ನೋಡಿ ನಗುತ್ತಿದ್ದಾನೆ. ಎಡಗಡೆ ಬಂಡೆ ಮೇಲೆ ಯಾರೋ ಪುಣ್ಯಾತ್ಮ ಕೆತ್ತಿಹೋದ ತನ್ನ ಹೆಸರು.

"ತಮ್ಮಾ, ನನ್ನ ಕಣ್ಣು ಮೊದಲು ಆ ಬಿಳಿ ಆಕಾಶಕ್ಕೆ ಹೋಯ್ತು. ಆಮೇಲೆ ಕೆಂಪು ಅಂಗಿ. ಅಲ್ಲಿಂದ ಬಂಡೆ ಮೇಲಿನ ಹೆಸರು ಓದಿದೆ. ಕಿಂಡಿ ಕಂಡಿದ್ದು ಕೊನೆಗೆ. ನಿನಗೆ ತೋರಿಸಬೇಕಿದ್ದದ್ದು ಯಾವುದು?"

"ಕಿಂಡಿ ಎಷ್ಟು ಇಕ್ಕಟ್ಟು ಅಂತ ಅಣ್ಣ."

ಇಷ್ಟಾದ ಮೇಲೆ ನೀವು ತಪ್ಪು ಎತ್ತಿ ತೋರಿಸಬೇಕಾಗಿಯೇ ಇಲ್ಲ. ತೋರಿಸಬೇಕಿದ್ದದ್ದು ನಾಲ್ಕನೇ ಸ್ಥಾನದಲ್ಲಿದೆ ಅಂತ ಹುಡುಗನಿಗೇ ಗೊತ್ತಾಗುತ್ತದೆ. "ಹಂಗಾದ್ರೆ ಆಕಾಶ ಬಿಡಬೇಕಿತ್ತು ಅಲ್ವಾ" ಅಂತ ಅವನೇ ಹೇಳುತ್ತಾನೆ. ಅವನ ಬಾಯಲ್ಲಿ ಬಂದ ಮಾತು ಅವನಿಗೆ ಮರೆಯುವುದಿಲ್ಲ.

ಕಾರಣ ಕೇಳಿದರೆ ಹೇಳೋಕೆ ನಿಮಗೂ ಗೊತ್ತಿರಬೇಕು. ಫೋಟೋದಲ್ಲಿ ಕಣ್ಣು ಎಲ್ಲಕ್ಕಿಂತ ಬೆಳ್ಳಗಿರುವ ಜಾಗಕ್ಕೆ ಓಡುತ್ತದೆ, ಕಪ್ಪು ಬಿಳುಪು ತಾಗುವ ಕಡೆ ಓಡುತ್ತದೆ, ಮುಖ ಕಂಡರೆ ಬಿಡುವುದಿಲ್ಲ, ಅಕ್ಷರ ಕಂಡರೆ ಓದದೇ ಇರುವುದಿಲ್ಲ, ಕೆಂಪು ಅಂತೂ ಎಲ್ಲಿದ್ದರೂ ಎಳೆಯುತ್ತದೆ. ಈ ಫೋಟೋದಲ್ಲಿ ಇವೆಲ್ಲವೂ ಇವೆ, ಒಂದೂ ಕಿಂಡಿಯ ಮೇಲಿಲ್ಲ. ಆಕಾಶ ಬೆಳ್ಳಗಾದದ್ದು ಯಾಕೆ ಅಂದರೆ ಫೋನು ಕಪ್ಪು ಬಂಡೆಗೆ ಬೆಳಕು ಸರಿ ಮಾಡಿಕೊಂಡಿದೆ. ಬಂಡೆ ಸಂದಿಯ ಕತ್ತಲು, ಹೊರಗಿನ ಬಿಸಿಲು ಎರಡನ್ನೂ ಒಂದೇ ಸಲ ಹಿಡಿಯೋಕೆ ಅದಕ್ಕೆ ಆಗುವುದಿಲ್ಲ.

ದಾರಿ ಏನು? ಮನೆಯಲ್ಲೇ ಆಗುವುದು: ಮೇಲಿನಿಂದ ಕತ್ತರಿಸಿ ಆಕಾಶ ತೆಗೆಯುವುದು, ಎಡಗಡೆಯಿಂದ ಸ್ವಲ್ಪ ಕತ್ತರಿಸಿ ಆ ಹೆಸರನ್ನೂ ಬಿಡುವುದು. ಮತ್ತೆ ಹೋದಾಗ ಆಗುವುದು: ಪರದೆಯಲ್ಲಿ ಬೆಳಕಿರುವ ಕಡೆ ಬೆರಳು ಒತ್ತಿ ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಕೆಳಗೆ ಎಳೆಯುವುದು. ಗೆಳೆಯನನ್ನು ಮುಂದೆ ನಿಲ್ಲಿಸುವ ಬದಲು ಕಿಂಡಿಯೊಳಗೆ ಅರ್ಧ ನುಗ್ಗಿಸುವುದು. ಎರಡೂ ಭುಜ ಬಂಡೆಗೆ ತಾಗುವಂತೆ ಬಂದರೆ ಇಕ್ಕಟ್ಟು ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಮುಖ ಕಾಣದಿದ್ದರೂ ನಡೆಯುತ್ತದೆ. ಕೆಂಪು ಅಂಗಿ? ಅಲ್ಲೇ ಇರಲಿ. ಈಗ ಅದು ಕಣ್ಣನ್ನು ಬೇಕಾದ ಕಡೆಗೇ ಎಳೆಯುತ್ತಿದೆಯಲ್ಲ.

4. ಚೆನ್ನಾಗಿರುವುದಕ್ಕೂ ಕಾರಣ ಕೊಡಿ

ಒಂದು ಹೊಗಳಿ, ಒಂದು ತೆಗಳಿ, ಮತ್ತೆ ಒಂದು ಹೊಗಳಿ ಅಂತ ಕೆಲವರು ಕಲಿಸುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಕೇಳುವವರು ಮೊದಲ ಹೊಗಳಿಕೆ ಬಂದ ಕೂಡಲೇ "ಆದ್ರೆ" ಯಾವಾಗ ಬರುತ್ತೆ ಅಂತ ಕಾಯುತ್ತಾ ಕೂರುತ್ತಾರೆ. ಚೆನ್ನಾಗಿರುವುದು ಇದ್ದರೆ ಹೇಳಿ, ಆದರೆ ಯಾಕೆ ಚೆನ್ನಾಗಿದೆ ಅಂತ ಹೇಳಿ. ಹೊಗಳಿಕೆಯ ಕೆಲಸ ಖುಷಿ ಕೊಡುವುದೊಂದೇ ಅಲ್ಲ. ಅಕಸ್ಮಾತ್ತಾಗಿ ಚೆನ್ನಾಗಿ ಬಂದದ್ದನ್ನು ಮುಂದಿನ ಸಲ ಬೇಕಂತಲೇ ಮಾಡುವಂತಾಗಬೇಕು.

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಒಳಗೆ ತೆಗೆದ ಫೋಟೋ ತಗೊಳ್ಳಿ. ಹೊಗೆ, ಸಣ್ಣ ಕಿಟಕಿಯಿಂದ ಬೀಳುವ ಬಿಸಿಲಿನ ಕೋಲು, ಒಲೆ ಮುಂದೆ ಕೆಲಸ ಮಾಡುವವರು. "ಲೈಟಿಂಗ್ ಸಖತ್" ಅಂದರೆ ತೆಗೆದವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಹೇಳಿ ನೋಡಿ: "ಬೆಳಕು ಅವರ ಹಿಂದಿನಿಂದ ಬಂದಿದೆ, ಅದಕ್ಕೇ ಹೊಗೆ ಎದ್ದು ಕಾಣ್ತಾ ಇದೆ. ನೀವು ಕಿಟಕಿಗೆ ಬೆನ್ನು ಹಾಕಿ ನಿಂತಿದ್ರೆ ಹೊಗೆ ಮಬ್ಬಾಗಿ ಹೋಗ್ತಿತ್ತು." ಇಷ್ಟು ಕೇಳಿದವರು ಮುಂದಿನ ಸಲ ಹೊಗೆ, ದೂಳು, ಮಂಜು ಎಲ್ಲಿ ಕಂಡರೂ ಬೆಳಕಿಗೆ ಎದುರಾಗಿ ನಿಲ್ಲುತ್ತಾರೆ. ಸಣ್ಣದನ್ನೂ ಹೇಳಿ. ಕೈ ಪೂರ್ತಿ ಚೌಕಟ್ಟಿನೊಳಗೆ ಇದೆ, ಮಣಿಕಟ್ಟಿನಲ್ಲಿ ತುಂಡಾಗಿಲ್ಲ, ಅದರಿಂದ ಕೆಲಸ ಕಾಣುತ್ತಿದೆ. ಇಂಥದ್ದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಬೆಲೆ ಜಾಸ್ತಿ.

ಹೊಗಳೋಕೆ ಏನೂ ಸಿಗಲಿಲ್ಲವೇ? ಸುಳ್ಳು ಹೇಳಬೇಡಿ. ಎರಡನೇ ಪ್ರಶ್ನೆಗೆ ವಾಪಸ್ ಹೋಗಿ, ಏನು ಹುಡುಕಿಕೊಂಡು ಹೋಗಿದ್ದಿರಿ ಅಂತ ಕೇಳಿ. ಫೋಟೋ ಸೋತಿದ್ದರೂ ಆ ಹುಡುಕಾಟ ಎಷ್ಟೋ ಸಲ ಒಳ್ಳೆಯದೇ ಆಗಿರುತ್ತದೆ, ಅದನ್ನು ಹೇಳಬಹುದು.

5. ತಪ್ಪು ಒಂದೇ ಹೇಳಿ, ದಾರಿಯ ಜೊತೆ ಹೇಳಿ

ಹತ್ತು ತಪ್ಪು ಕಂಡಿರಬಹುದು. ಹತ್ತನ್ನೂ ಹೇಳಿದರೆ ಒಂದೂ ತಲೆಗೆ ಹೋಗುವುದಿಲ್ಲ, ಹೊಸಬರಾದರೆ ಕ್ಯಾಮೆರಾ ಬೀರುವಿಗೆ ಹೋಗುತ್ತದೆ. ಯಾವ ಒಂದನ್ನು ಸರಿ ಮಾಡಿದರೆ ಫೋಟೋ ಎಲ್ಲಕ್ಕಿಂತ ಜಾಸ್ತಿ ಸುಧಾರಿಸುತ್ತದೋ ಅದನ್ನು ಆರಿಸಿ. ಗೆರೆ ಓರೆಯಾಗಿದ್ದರೆ, ಸೂಳೆಕೆರೆಯ ನೀರು ಒಂದು ಕಡೆ ಚೆಲ್ಲುವಂತೆ ಕಾಣುತ್ತಿದ್ದರೆ, ಅದನ್ನು ಈ ಒಂದರ ಲೆಕ್ಕಕ್ಕೆ ತಗೋಬೇಡಿ. ಹಾಗೇ ಬಾಯಿಮಾತಿನಲ್ಲಿ ಹೇಳಿ ಮುಂದೆ ಹೋಗಿ, ಐದು ಸೆಕೆಂಡಿನ ಕೆಲಸ ಅದು.

ಕುಂದುವಾಡ ಕೆರೆಯಲ್ಲಿ ತೆಗೆದ ಬೆಳ್ಳಕ್ಕಿ ಫೋಟೋ. ಹಿಂದೆ ಕಪ್ಪು ನೀರು, ಹಕ್ಕಿಯ ಕಣ್ಣು ಶಾರ್ಪ್, ಕೊಕ್ಕಲ್ಲಿ ಮೀನು. ಎಲ್ಲ ಇದ್ದೂ ರೆಕ್ಕೆ ಮೇಲೆ ಒಂದು ಗರಿಯೂ ಕಾಣುತ್ತಿಲ್ಲ, ಬರೀ ಸುಣ್ಣ ಬಳಿದ ಬಿಳಿ. "ಓವರ್ ಎಕ್ಸ್‌ಪೋಸ್ ಆಗಿದೆ" ಅಂದರೆ ಅದು ಅವರಿಗೂ ಕಾಣುತ್ತದೆ. ಯಾಕೆ ಆಯ್ತು ಅಂತ ಹೇಳಿ. ಕ್ಯಾಮೆರಾಗೆ ಮುಂದೆ ಇರುವುದು ಹಕ್ಕಿಯೋ ನೀರೋ ಅನ್ನುವ ಅರಿವಿಲ್ಲದೆ ಬೆಳಕು ಅಳೆಯುವಾಗ, ಕಂಡದ್ದನ್ನೆಲ್ಲ ಸರಾಸರಿ ನಡುವಿನ ಬೂದು ಬಣ್ಣಕ್ಕೆ ತರೋಕೆ ನೋಡುತ್ತದೆ. ಚೌಕಟ್ಟಿನ ತುಂಬ ಕಪ್ಪು ನೀರು ಇದ್ದರೆ ಅದನ್ನು ಬೂದು ಮಾಡೋಕೆ ಹೋಗಿ ಬೆಳ್ಳಕ್ಕಿಯನ್ನು ಸುಟ್ಟು ಹಾಕುತ್ತದೆ. ಹಾಗಾಗಿ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಅಳೆದ ಬೆಳಕನ್ನು ನಾವೇ ಹೆಚ್ಚು ಕಡಿಮೆ ಮಾಡುವುದು) ಮೈನಸ್ 0.7 ಅಥವಾ ಮೈನಸ್ 1 ಇಟ್ಟು ತೆಗೆಯಿರಿ ಅನ್ನಿ. ಅದೇ ಬೆಳ್ಳಕ್ಕಿ ಹತ್ತಿರ ಬಂದು ಚೌಕಟ್ಟು ತುಂಬಿದರೆ ಲೆಕ್ಕ ಉಲ್ಟಾ. ಆಗ ಕ್ಯಾಮೆರಾ ಬಿಳಿಯನ್ನೇ ಬೂದು ಮಾಡುತ್ತದೆ, ಪ್ಲಸ್ ಕಡೆ ಹೋಗಬೇಕು. ಈ ಒಂದು ಮಾತು ಸಿಕ್ಕರೆ ಅವರ ಮುಂದಿನ ಬೆಳ್ಳಕ್ಕಿಗಳೆಲ್ಲ ಸುಧಾರಿಸುತ್ತವೆ. ಅದೇ ಫೈಲು ರಾ (ಕ್ಯಾಮೆರಾ ಕುಗ್ಗಿಸದೇ ಉಳಿಸಿದ ಮೂಲ ಫೈಲು) ಆಗಿದ್ದರೆ ಸ್ವಲ್ಪ ಗರಿ ವಾಪಸ್ ಬರಬಹುದು, ಜೆಪೆಗ್ ಆಗಿದ್ದರೆ ಆಸೆ ಬಿಡಬೇಕು.

ಕಿಂಡಿಯ ಫೋಟೋದಲ್ಲಿ ಮಾಡಿದಂತೆ ಮನೆಯಲ್ಲಿ ಸರಿಯಾಗುವುದನ್ನೂ ಜಾಗಕ್ಕೆ ಮತ್ತೆ ಹೋದಾಗ ಸರಿಯಾಗುವುದನ್ನೂ ಬೇರೆ ಬೇರೆ ಮಾಡಿಯೇ ಹೇಳಿ. ಇದು ಜಾತ್ರೆ ಫೋಟೋಗಳಲ್ಲಿ ಇನ್ನೂ ಮುಖ್ಯ. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು ತೆಗೆದಿದ್ದಾರೆ, ಕಳಸ ತುಂಡಾಗಿದೆ. "ಕಳಸ ಕಟ್ ಆಗಿದೆ" ಅಂದರೆ ಇನ್ನೊಂದು ವರ್ಷ ಕಾಯಬೇಕು. ದಾವಣಗೆರೆ ದುಗ್ಗಮ್ಮನ ಜಾತ್ರೆ ಆದರೆ ಎರಡು ವರ್ಷ. ಈಗ ಕೈಯಲ್ಲಿರುವುದರಲ್ಲಿ ಏನು ಮಾಡಬಹುದು ಅಂತ ಮೊದಲು ನೋಡಿ. ತೇರಿನ ಮೇಲ್ಭಾಗ ಹೇಗೂ ಹೋಗಿದೆ, ಇನ್ನೂ ಕೆಳಗೆ ಕತ್ತರಿಸಿ ಗಾಲಿ ಮತ್ತೆ ಹಗ್ಗ ಎಳೆಯುವವರನ್ನು ಮಾತ್ರ ಉಳಿಸಿದರೆ ಅದೇ ಒಂದು ಫೋಟೋ ಆಗುತ್ತದೆ. ಚೂರು ತುಂಡಾದರೆ ಕೈತಪ್ಪು ಅನ್ನಿಸುತ್ತದೆ, ಧೈರ್ಯವಾಗಿ ತುಂಡು ಮಾಡಿದರೆ ಬೇಕಂತ ಮಾಡಿದ್ದು ಅನ್ನಿಸುತ್ತದೆ. ಮುಂದಿನ ವರ್ಷಕ್ಕೆ, ಫೋನಿನ 0.5 (ಹೆಚ್ಚು ಅಗಲ ಹಿಡಿಯುವ) ಲೆನ್ಸ್ ಬಳಸಿ, ಇಲ್ಲಾಂದ್ರೆ ಯಾರದಾದರೂ ಮಾಳಿಗೆ ಮೇಲೆ ಮುಂಚೆಯೇ ಜಾಗ ಕೇಳಿಟ್ಟುಕೊಳ್ಳಿ ಅನ್ನಿ.

ಹೇಳುವ ದಾರಿ ನಡೆಯುವಂಥದ್ದಾಗಿರಲಿ. ಕೋಟೆಯೊಳಗಿನ ಗುಡಿಯ ಫೋಟೋ ಅಲುಗಿದೆ, ಸರಿ, "ಟ್ರೈಪಾಡ್ ಹಾಕಬೇಕಿತ್ತು" ಅಂದುಬಿಡುತ್ತೇವೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಬೇರೆಯೇ ಅನುಮತಿ ಬೇಕು. ಕಂಬಕ್ಕೆ ಒರಗಿ ತೆಗೆಯಿರಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕೆ ಏರಿಸಿ, ಸ್ವಲ್ಪ ನಾಯ್ಸ್ ಬಂದರೆ ಬರಲಿ, ಅಲುಗಿದ್ದಕ್ಕಿಂತ ವಾಸಿ ಅನ್ನಿ. 50 ಎಂಎಂ ಲೆನ್ಸಿಗೆ 1/50, 200ಕ್ಕೆ 1/200, ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ಅದಕ್ಕಿಂತ ನಿಧಾನ ಬೇಡ ಅನ್ನುವ ಹಳೇ ಲೆಕ್ಕ ಇವತ್ತಿಗೂ ಹೊಸಬರಿಗೆ ಉಪಯೋಗ.

6. ತಪ್ಪು ಬೇರೆ, ರುಚಿ ಬೇರೆ

ಬೆಣ್ಣೆ ದೋಸೆ ಸೀದು ಹೋಗಿದೆ ಅನ್ನುವುದು ತಪ್ಪು, ಚಟ್ನಿ ಇನ್ನೂ ಖಾರ ಇರಬೇಕಿತ್ತು ಅನ್ನುವುದು ರುಚಿ. ಫೋಟೋದಲ್ಲೂ ಇವೆರಡನ್ನು ಬೇರೆ ಮಾಡಿಕೊಂಡೇ ಮಾತಾಡಬೇಕು. ಹಕ್ಕಿಯ ಕಣ್ಣು ಬಿಟ್ಟು ಬಾಲದ ಮೇಲೆ ಫೋಕಸ್ ಆಗಿದೆ, ಹೋಟೆಲಿನ ಹಳದಿ ಬಲ್ಬಿನಲ್ಲಿ ಬೆಣ್ಣೆ ಕಿತ್ತಳೆ ಬಣ್ಣಕ್ಕೆ ತಿರುಗಿದೆ, ಇವು ತಪ್ಪು, ಬೇಕಂತ ಮಾಡಿದ್ದಲ್ಲದಿದ್ದರೆ. ಬಣ್ಣ ನನಗೆ ಗಾಢ ಅನ್ನಿಸಿತು, ಕಪ್ಪು ಬಿಳುಪು ಇದ್ದಿದ್ದರೆ ಚೆನ್ನಾಗಿತ್ತು, ಇವು ರುಚಿ. ರುಚಿ ಹೇಳಬೇಡಿ ಅಂತಲ್ಲ, "ಇದು ನನ್ನ ಇಷ್ಟ ಅಷ್ಟೇ" ಅಂತ ಸೇರಿಸಿ ಹೇಳಿ.

ಮೂರನೇ ಒಂದು ಭಾಗದ ನಿಯಮ (ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಭಾಗ ಮಾಡಿ, ಮುಖ್ಯವಾದದ್ದನ್ನು ಆ ಗೆರೆಗಳ ಮೇಲೆ ಇಡಬೇಕು ಅನ್ನುವುದು) ಹಿಡಿದುಕೊಂಡು ಎಲ್ಲರ ಫೋಟೋ ಮೇಲೂ ಮನಸ್ಸಲ್ಲೇ ನಾಲ್ಕು ಗೆರೆ ಎಳೆಯುವವರಿದ್ದಾರೆ. ನಡುವೆ ಇಟ್ಟರೆ ಸಾಕು, "ಸೆಂಟರ್ ಆಯ್ತು" ಅನ್ನುತ್ತಾರೆ. ಕೋಟೆ ಬಾಗಿಲನ್ನು ಎದುರಿಗೆ ನಿಂತು ತೆಗೆದರೆ ಅದು ನಡುವೆಯೇ ಇರಬೇಕು, ಎರಡೂ ಕಡೆಯ ಕಲ್ಲು ಸಮ ಬಂದಾಗಲೇ ಅದಕ್ಕೆ ಗಾಂಭೀರ್ಯ. ನಿಯಮ ಮುರಿದಿದೆ ಅನ್ನುವುದು ದೂರಲ್ಲ. ಮುರಿದದ್ದರಿಂದ ಏನು ಕೆಟ್ಟಿತು ಅಂತ ತೋರಿಸೋಕೆ ಆದರೆ ಮಾತ್ರ ಹೇಳಿ.

ಎಡಿಟಿಂಗ್ ಬಗ್ಗೆ ನನ್ನ ಒಂದು ಗೊಣಗಾಟ: ಜೋಗಿಮಟ್ಟಿ ಮೇಲಿನ ಮೋಡವನ್ನು ನೇರಳೆ ಮಾಡುವುದು, ಬೇಸಿಗೆಯಲ್ಲಿ ಒಣಗಿ ನಿಂತ ಗುಡ್ಡವನ್ನು ಮಲೆನಾಡಿನ ಹಸಿರು ಮಾಡುವುದು. ನಮ್ಮ ಕಡೆಯ ಗುಡ್ಡಕ್ಕೆ ಅದರದೇ ಒಂದು ಕಂದು ಬಣ್ಣ ಇದೆ, ಕಣ್ರೀ. ಆದರೆ ಇದನ್ನೂ ನಾನು ರುಚಿ ಅಂತಲೇ ಹೇಳುತ್ತೇನೆ, ತಪ್ಪು ಅಂತ ಹೇಳುವುದಿಲ್ಲ.

7. ಯಾರ ಹತ್ತಿರ ಮಾತಾಡುತ್ತಿದ್ದೀರಿ ಅನ್ನುವುದು ಗೊತ್ತಿರಲಿ

ಮೂವತ್ತು ವರ್ಷದಿಂದ ಸ್ಟುಡಿಯೋ ನಡೆಸುವ ಹಿರಿಯರೊಬ್ಬರು ಹರಿಹರದ ಹರಿಹರೇಶ್ವರ ದೇವಸ್ಥಾನದ ಫೋಟೋ ತೋರಿಸುತ್ತಾರೆ ಅಂದುಕೊಳ್ಳಿ. 1224ರ ಹೊಯ್ಸಳರ ಕೆಲಸ, ಕಡೆದಿಟ್ಟಂಥ ಕಂಬಗಳು. ಫೋಟೋದಲ್ಲಿ ಎಲ್ಲವೂ ಒಳಗಡೆ ವಾಲಿವೆ. ಕ್ಯಾಮೆರಾ ಮುಖ ಮೇಲಕ್ಕೆ ಎತ್ತಿ ತೆಗೆದರೆ ಹಾಗೇ ಆಗುವುದು. ಅವರಿಗೆ ಪಾಠ ಮಾಡೋಕೆ ಹೋಗಬೇಡಿ, ಕೇಳಿ.

"ಅಣ್ಣಾರೆ, ಕಂಬ ಎಲ್ಲಾ ಒಳಗಡೆ ವಾಲಿದಂಗೆ ಕಾಣ್ತಾವಲ್ರೀ, ಬೇಕಂತ ಹಂಗೆ ಬಿಟ್ಟಿದ್ದಾ?"

ಬೇಕಂತಲೇ ಬಿಟ್ಟಿದ್ದರೆ ಕಾರಣ ಹೇಳುತ್ತಾರೆ, ನೀವು ಕಲಿಯುತ್ತೀರಿ. ಗಮನಿಸಿರದಿದ್ದರೆ "ಹೌದಲ್ಲ, ಲೈಟ್‌ರೂಮ್ ಸಾಫ್ಟ್‌ವೇರಲ್ಲಿ ನೆಟ್ಟಗೆ ಮಾಡಬೇಕು" ಅನ್ನುತ್ತಾರೆ. ಎರಡರಲ್ಲೂ ಅವರ ಮರ್ಯಾದೆಗೆ ಕುಂದಿಲ್ಲ. ನಾಲ್ಕು ಜನರ ಮುಂದೆ ಅಂತೂ ಹಿರಿಯರ ಫೋಟೋದ ತಪ್ಪು ಎತ್ತಬೇಡಿ, ಆಮೇಲೆ ಒಬ್ಬರೇ ಸಿಕ್ಕಾಗ ಹೇಳಿ. ಸ್ಟುಡಿಯೋದವರಿಗೆ ಇನ್ನೊಂದು ಕಷ್ಟ ಇರುತ್ತದೆ. ಗಿರಾಕಿಗೆ ಬೆಳ್ಳಗಿನ ಮುಖ ಬೇಕು, ಹೊಳೆಯುವ ಸೀರೆ ಬೇಕು. ಮದುವೆ ಆಲ್ಬಂ ನೋಡಿ ಚರ್ಮ ಪ್ಲಾಸ್ಟಿಕ್ ಥರ ಇದೆ ಅನ್ನುವ ಮುಂಚೆ, ಅದು ಅವರ ಇಷ್ಟವೋ ಹುಡುಗಿ ಮನೆಯವರ ಇಷ್ಟವೋ ಕೇಳಿಕೊಳ್ಳಿ.

ಮಕ್ಕಳಿಗೆ ಮಾತೇ ಬೇಡ, ಕೆಲಸ ಕೊಡಿ. "ಪುಟ್ಟಿ, ಇದೇ ನಾಯಿಮರೀನ ನೆಲಕ್ಕೆ ಕೂತು ಇನ್ನೊಂದು ತೆಗಿ, ಎರಡೂ ನೋಡೋಣ." ಮೇಲಿನಿಂದ ತೆಗೆದದ್ದಕ್ಕೂ ಕಣ್ಣಿನ ಮಟ್ಟದಲ್ಲಿ ತೆಗೆದದ್ದಕ್ಕೂ ಏನು ವ್ಯತ್ಯಾಸ ಅಂತ ಅವಳಿಗೇ ಕಾಣುತ್ತದೆ.

ಒಂದೇ ವಾರಿಗೆಯ ಗೆಳೆಯರ ನಡುವೆ ಕಾಲೆಳೆಯುವುದು ನಡೆದೇ ನಡೆಯುತ್ತದೆ. ನಡೆಯಲಿ, ಆದರೆ ಕಾಲೆಳೆದ ಮೇಲೆ ಒಂದು ಕೆಲಸಕ್ಕೆ ಬರುವ ಮಾತೂ ಹೇಳಿ ಎದ್ದುಹೋಗಿ.

8. ಇವನ್ನು ಮಾಡಬೇಡಿ

ಕೇಳದೇ ಬೇರೆಯವರ ಫೋಟೋ ಎಡಿಟ್ ಮಾಡಿ "ಹಿಂಗಿರಬೇಕಿತ್ತು ನೋಡು" ಅಂತ ವಾಪಸ್ ಕಳಿಸುವುದು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಅಧಿಕಪ್ರಸಂಗ ಇಲ್ಲ. ತೋರಿಸಿದರೆ ಬೇಗ ಅರ್ಥವಾಗುತ್ತೆ ಅನ್ನಿಸಿದರೆ "ಒಂದು ಸಲ ಕ್ರಾಪ್ ಮಾಡಿ ತೋರಿಸ್ಲಾ?" ಅಂತ ಕೇಳಿ, ಅವರ ಎದುರಿಗೇ ಮಾಡಿ, ನಿಮ್ಮ ಹತ್ತಿರ ಆ ಕಾಪಿ ಇಟ್ಟುಕೊಳ್ಳಬೇಡಿ. ಇನ್ನೂ ಸುಲಭದ ಉಪಾಯ, ಪರದೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು ಬೇಡವಾದ ಭಾಗ ಮುಚ್ಚಿ ತೋರಿಸುವುದು.

ಕ್ಯಾಮೆರಾ ಎಷ್ಟು ದುಬಾರಿ, ಯಾವ ಲೆನ್ಸು ಅನ್ನುವ ಕಡೆ ಮಾತು ಎಳೆಯಬೇಡಿ. "ಫುಲ್ ಫ್ರೇಮ್ ಕ್ಯಾಮೆರಾ ತಗೊಂಡ್ರೆ ಸರಿ ಹೋಗುತ್ತೆ" ಅನ್ನುವುದು ಸಲಹೆಯಲ್ಲ, ಲಕ್ಷ ರೂಪಾಯಿ ಖರ್ಚಿನ ದಾರಿ. ಫೋಟೋದಲ್ಲಿರುವವರ ಮೈಬಣ್ಣ, ದಪ್ಪ ಸಣ್ಣ, ಬಟ್ಟೆ ಬಗ್ಗೆ ಮಾತು ಬೇಡವೇ ಬೇಡ, ಅವರು ಅಲ್ಲಿಲ್ಲ, ನಿಮ್ಮ ಅಭಿಪ್ರಾಯ ಕೇಳಿಯೂ ಇಲ್ಲ. "ನಾನಾಗಿದ್ರೆ" ಅಂತ ಶುರುವಾಗುವ ವಾಕ್ಯ ಆದಷ್ಟು ಕಡಿಮೆ ಮಾಡಿ.

ಒಂದು ಕಡೆ ಮಾತ್ರ ಮೆತ್ತಗೆ ಮಾತಾಡಬಾರದು. ಹಕ್ಕಿಗೂಡಿನ ಸುತ್ತ ಎಲೆ ಕಿತ್ತು ಮರಿಗಳು ಕಾಣುವಂತೆ ತೆಗೆದ ಫೋಟೋ ಬಂದರೆ ಬೆಳಕು, ಫೋಕಸ್ ಯಾವುದರ ಬಗ್ಗೆಯೂ ಮಾತಾಡಬೇಡಿ. ಮರೆ ಹೋದ ಗೂಡು ಬಿಸಿಲಿಗೂ ಕಾಗೆಗೂ ಸಿಗುತ್ತದೆ, ಇದನ್ನು ನೇರವಾಗಿ ಹೇಳಿ. ಜಗಳೂರು ಕಡೆ ರಂಗಯ್ಯನದುರ್ಗದ ಕಾಡಲ್ಲಿ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಸಿಕ್ಕಿತು ಅಂತ ಅಟ್ಟಿಸಿಕೊಂಡು ಹೋಗಿ ತೆಗೆದದ್ದಾದರೂ ಅಷ್ಟೇ. ಒಪ್ಪಿಗೆ ಇಲ್ಲದೇ ಸ್ನಾನ, ಅಳು, ಕಾಯಿಲೆ ತೆಗೆದ ಜಾತ್ರೆಯ ಫೋಟೋಗಳೂ ಇದೇ ಸಾಲಿಗೆ ಸೇರುತ್ತವೆ. ತಾಂತ್ರಿಕವಾಗಿ ಎಷ್ಟೇ ಚೆನ್ನಾಗಿರಲಿ, ಹೊಗಳಿದರೆ ಮುಂದಿನ ಸಲವೂ ಅದನ್ನೇ ಮಾಡುತ್ತಾರೆ.

9. ಅಭ್ಯಾಸ ಎಲ್ಲಿ ಮಾಡುವುದು

ಗೆಳೆಯರ ಫೋಟೋ ಮೇಲೆ ಕೈ ಇಡುವ ಮುಂಚೆ ದೊಡ್ಡ ಛಾಯಾಗ್ರಾಹಕರು ತೆಗೆದ ಫೋಟೋ ಮೇಲೆ ಅಭ್ಯಾಸ ಮಾಡಿ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಒಳ್ಳೆಯ ಶುರು. 1979, ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ಸತ್ಯನ್ ತೆಗೆದ ಮಕ್ಕಳ ಫೋಟೋಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಕ್ಕಿಟ್ಟಿತ್ತು. ಅವರ ಒಂದು ಕಪ್ಪು ಬಿಳುಪು ಫೋಟೋ ಎದುರಿಗಿಟ್ಟುಕೊಂಡು, ಕಣ್ಣು ಮೊದಲು ಎಲ್ಲಿಗೆ ಹೋಯ್ತು, ಅಲ್ಲಿಗೇ ಯಾಕೆ ಹೋಯ್ತು, ಅಂಚಿನಲ್ಲಿ ಏನೇನು ಬಿಟ್ಟಿದ್ದಾರೆ ಅಂತ ಐದು ನಿಮಿಷ ಜೋರಾಗಿ ಮಾತಾಡಿ. ಬಣ್ಣ ಇಲ್ಲದಿರುವುದರಿಂದ ಬೆಳಕು ಮತ್ತು ಭಂಗಿ ಬಗ್ಗೆಯೇ ಮಾತಾಡಬೇಕಾಗುತ್ತದೆ, ಮೊದಮೊದಲು ತಡವರಿಸುತ್ತೀರಿ. ಚೆನ್ನಾಗಿರುವುದು ಯಾಕೆ ಚೆನ್ನಾಗಿದೆ ಅಂತ ಹೇಳೋಕೆ ಬಂದ ಮೇಲೆ ಬೇರೆಯವರ ಫೋಟೋದಲ್ಲಿ ಏನು ಕಮ್ಮಿ ಅನ್ನುವುದು ತಾನಾಗಿ ಬಾಯಿಗೆ ಬರುತ್ತದೆ.

10. ಅವರು ಒಪ್ಪದಿದ್ದರೆ

ಒಪ್ಪಲೇಬೇಕು ಅಂತೇನಿಲ್ಲ. ಒಂದು ಸಲ ಹೇಳಿ, ಅರ್ಥವಾಗಿಲ್ಲ ಅನ್ನಿಸಿದರೆ ಇನ್ನೊಂದು ಉದಾಹರಣೆ ಕೊಟ್ಟು ಹೇಳಿ, ಅಲ್ಲಿಗೆ ಬಿಡಿ. ಮೂರನೇ ಸಲ ಹೇಳಿದರೆ ಅದು ಫೋಟೋ ಬಗ್ಗೆ ಇರುವುದಿಲ್ಲ, ನಿಮ್ಮ ಗೆಲುವಿನ ಬಗ್ಗೆ ಇರುತ್ತದೆ. ಕೆಲವರು "ಅಲ್ಲಿ ಜಾಗ ಇರಲಿಲ್ಲ ಕಣಣ್ಣ, ಹಿಂದೆ ಗೋಡೆ ಇತ್ತು" ಅಂತ ಕಾರಣ ಕೊಡುತ್ತಾರೆ. ಅದನ್ನು ನೆಪ ಅಂತ 	ತಳ್ಳಿಹಾಕಬೇಡಿ. ಗೋಡೆ ನಿಜವಾಗಲೂ ಇತ್ತು. "ಹಂಗಾದ್ರೆ ಆ ಗೋಡೆಗೆ ಒರಗಿಕೊಂಡೇ ಇನ್ನೇನು ಮಾಡಬಹುದಿತ್ತು" ಅಂತ ಜೊತೆಗೆ ಕೂತು ಯೋಚಿಸಿ.

ಕೆಲವು ಸಲ ಅವರು ಅದೇ ಜಾಗಕ್ಕೆ ಮತ್ತೆ ಹೋಗಿ, ನೀವು ಹೇಳಿದಂತೆ ತೆಗೆದು ತರುತ್ತಾರೆ. ಆಗ ಹಳೆಯದನ್ನೂ ಹೊಸದನ್ನೂ ಪಕ್ಕ ಪಕ್ಕ ಇಟ್ಟು ಮೊದಲಿನಷ್ಟೇ ಹೊತ್ತು ನೋಡಿ. ಹಳೆಯದೇ ಚೆನ್ನಾಗಿದ್ದರೆ ಅದನ್ನೂ ಹೇಳಿಬಿಡಿ.